ಸಂಗೀತಗಾರರ ಕಿವಿ ಮಂದವಾದಾಗ: ಓದುಗರ ಪ್ರಶ್ನೆ, ಶ್ರವಣ ತಜ್ಞರ ಉತ್ತರ

ಈ ಅಂಕಣಕ್ಕೆ ಹಿರಿಯ ಸಂಗೀತಗಾರರಿಂದ ಬರುವ ಪತ್ರಗಳು ಕಡಿಮೆ. ಬರೆಯುವವರೂ ಹೆಸರನ್ನು ಪ್ರಕಟಿಸಬೇಡಿ ಎಂದು ಮೊದಲ ಸಾಲಿನಲ್ಲೇ ಕೇಳಿಕೊಂಡಿರುತ್ತಾರೆ. ಕಣ್ಣು ಮಂಜಾಗಿದೆ, ಮಂಡಿ ನೋಯುತ್ತದೆ ಎಂದು ಹೇಳಿಕೊಳ್ಳಲು ಹಿಂಜರಿಯದ ವಿದ್ವಾಂಸರು ಕಿವಿಯ ವಿಷಯ ಬಂದಾಗ ಮಾತ್ರ ಮೌನವಾಗುತ್ತಾರೆ. ಕೇಳಿಸುವುದು ಕಡಿಮೆಯಾಯಿತೆಂದರೆ ಕಲಿತ ವಿದ್ಯೆಯೇ ಕೈಬಿಟ್ಟಿತೆಂದು ಜನ ತಿಳಿದಾರು ಎಂಬ ಭಯ ಅವರದು. ಆ ಭಯದಿಂದಾಗಿಯೇ ಪರೀಕ್ಷೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ. ಈ ಸಂಚಿಕೆಯಲ್ಲಿ ಅಂಥ ಕೆಲವು ಪತ್ರಗಳನ್ನು, ಬರೆದವರ ಗುರುತು ಸಿಗದಂತೆ ಸಂಕ್ಷೇಪಿಸಿ, ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 67 ವರ್ಷ. ಕರ್ನಾಟಕ ಸಂಗೀತ ಹಾಡುತ್ತೇನೆ, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನ ಶ್ರುತಿ ಐದೂವರೆ ಮನೆ. ಕೆಲವು ವರ್ಷಗಳಿಂದ ನನ್ನ ತಂಬೂರಿಯ ನಾದ ಮಂಕಾದಂತೆ ಕೇಳಿಸುತ್ತಿದೆ. ತಂತಿ ಬದಲಾಯಿಸಿದೆ, ತಂತಿಗಳನ್ನು ಹೊರುವ ಕುದುರೆಯನ್ನು ತೀಡಿಸಿದೆ, ತಂತಿಯಡಿ ಇಡುವ ಜೀವಾಳಿಯ ದಾರವನ್ನು ಎಷ್ಟು ಸರಿಸಿದರೂ ಮೊದಲಿನ ಝೇಂಕಾರ ಬರುತ್ತಿಲ್ಲ. ಶಿಷ್ಯರು ಮಾತ್ರ ತಂಬೂರಿ ಚೆನ್ನಾಗಿಯೇ ಇದೆ ಎನ್ನುತ್ತಾರೆ. ಮಕ್ಕಳು ಹಾಡುವಾಗ ಸ್ವರ ತಿಳಿಯುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಕಚೇರಿಯಲ್ಲಿ ಮೃದಂಗ ಜೋರಾದರೆ ಪಿಟೀಲಿನವರು ಏನು ನುಡಿಸಿದರೆಂದು ಊಹಿಸಿಕೊಳ್ಳಬೇಕಾಗುತ್ತದೆ. ಮಗನ ಒತ್ತಾಯಕ್ಕೆ ಶ್ರವಣ ಸಾಧನ ಕೊಂಡೆ. ಅದನ್ನು ಹಾಕಿಕೊಂಡು ತಂಬೂರಿ ಮೀಟಿದರೆ ನಾದ ಏರುತ್ತದೆ, ಇಳಿಯುತ್ತದೆ, ನಡುಗುತ್ತದೆ. ನಡುನಡುವೆ ಇಲ್ಲದ ಸ್ವರವೊಂದು ಸಿಳ್ಳೆಯಂತೆ ಸೇರಿಕೊಳ್ಳುತ್ತದೆ. ಈಗ ಅದು ಬೀರುವಿನಲ್ಲಿದೆ. ನನ್ನ ಶ್ರುತಿಜ್ಞಾನವೇ ಹೋಯಿತೇ? ಕಚೇರಿ ನಿಲ್ಲಿಸಬೇಕೇ?
ಗಾಯಕಿ, ಮೈಸೂರು

ಉತ್ತರ: ನೀವು ಬರೆದಿರುವ ವಿವರಗಳಲ್ಲಿ ಶ್ರುತಿಜ್ಞಾನ ಹೋಗಿರುವ ಲಕ್ಷಣ ನನಗೆ ಕಾಣುವುದಿಲ್ಲ. ವಯಸ್ಸಿನಿಂದ ಬರುವ ಶ್ರವಣ ದೋಷ ಹೇಗೆ ಶುರುವಾಗುತ್ತದೆಯೋ ಅದನ್ನೇ ನೀವು ಒಬ್ಬ ಸಂಗೀತಗಾರ್ತಿಯ ಸೂಕ್ಷ್ಮದಿಂದ ಗುರುತಿಸಿದ್ದೀರಿ. ಒಳಕಿವಿಯಲ್ಲಿ ಕಾಕ್ಲಿಯಾ ಎಂಬ ಶಂಖಾಕಾರದ ಅಂಗವಿದೆ. ಅದರೊಳಗೆ ಸಾಲಾಗಿ ಜೋಡಿಸಿಕೊಂಡಿರುವ ಸೂಕ್ಷ್ಮ ರೋಮಕೋಶಗಳು ನಾದದ ಕಂಪನವನ್ನು ನರದ ಸಂಕೇತವಾಗಿ ಬದಲಾಯಿಸುತ್ತವೆ. ಶಂಖದ ಬುಡದಲ್ಲಿರುವ ಕೋಶಗಳು ಅತಿ ಎತ್ತರದ ಆವರ್ತನಗಳಿಗೂ ತುದಿಯಲ್ಲಿರುವವು ತಗ್ಗಿನ ಆವರ್ತನಗಳಿಗೂ ಸ್ಪಂದಿಸುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಬುಡದ ಕೋಶಗಳು; ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ನಷ್ಟವು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತಾ ಬರುತ್ತದೆ.

ಇದನ್ನು ನಿಮ್ಮ ಶ್ರುತಿಗೆ ಹೊಂದಿಸಿ ನೋಡೋಣ. ಐದೂವರೆ ಮನೆಯಲ್ಲಿ ಮಧ್ಯ ಷಡ್ಜ ಸುಮಾರು 208 ಹರ್ಟ್ಸ್, ಎಂದರೆ ಸೆಕೆಂಡಿಗೆ 208 ಕಂಪನ. ಮಂದ್ರ ಪಂಚಮ ಸುಮಾರು 156, ತಾರ ಪಂಚಮ ಸುಮಾರು 623. ಅಂದರೆ ನೀವು ಸಾಮಾನ್ಯವಾಗಿ ಸಂಚರಿಸುವ ಸ್ವರಗಳ ಮೂಲ ಆವರ್ತನಗಳೆಲ್ಲ 700 ಹರ್ಟ್ಸ್‌ನೊಳಗೇ ಇವೆ. ವಯಸ್ಸಿನ ಶ್ರವಣ ದೋಷ ಮೊದಲು ಕಾಣಿಸಿಕೊಳ್ಳುವುದು ಬಹುತೇಕ 3000, 4000 ಹರ್ಟ್ಸ್‌ಗಳಿಂದ ಮೇಲಕ್ಕೆ. ಷಡ್ಜ ಎಲ್ಲಿದೆ, ಗಾಂಧಾರದ ಗಮಕ ಎಲ್ಲಿಂದ ಎಲ್ಲಿಗೆ ತೂಗುತ್ತಿದೆ ಎಂಬುದನ್ನು ಹೇಳುವ ಭಾಗ ನಿಮ್ಮ ಕಿವಿಯಲ್ಲಿ ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಕಳೆದುಹೋಗಿರುವುದು ಅದರ ಮೇಲಿನ ಅನುಸ್ವರಗಳ, ಎಂದರೆ ಮೂಲ ನಾದದೊಡನೆ ಹುಟ್ಟುವ ಎತ್ತರದ ಓವರ್‌ಟೋನ್‌ಗಳ ಲೋಕ. ಜೀವಾಳಿಯ ದಾರದಿಂದ ತಂಬೂರಿಗೆ ಬರುವ ಝೇಂಕಾರ, ಮಂದ್ರದ ತಂತಿಯಿಂದ ಮೇಲೆದ್ದು ಮಿನುಗುವ ಸ್ವರಗಳು ಇವೆಲ್ಲ ಸಾವಿರಾರು ಹರ್ಟ್ಸ್‌ಗಳವರೆಗೆ ಹಬ್ಬುವ ಅನುಸ್ವರಗಳು. ಅವು ಕೇಳಿಸದೆ ಹೋದಾಗ ಶ್ರುತಿ ಸರಿಯಾಗಿಯೇ ಇದ್ದರೂ ತಂಬೂರಿಯ ಜೀವ ಹೋದಂತೆ ಅನಿಸುತ್ತದೆ. ದಯವಿಟ್ಟು ಕುದುರೆಯನ್ನು ಇನ್ನು ತೀಡಿಸಬೇಡಿ. ಆಗಲೇ ಸರಿಯಾಗಿರುವ ಕುದುರೆಯನ್ನು ಮತ್ತೆ ಮತ್ತೆ ತೀಡಿಸಿದರೆ ಒಳ್ಳೆಯ ವಾದ್ಯ ಹಾಳಾಗುತ್ತದೆ.

ಸಾಹಿತ್ಯ ತಿಳಿಯದಿರುವುದಕ್ಕೂ ಇದೇ ಕಾರಣ. ಮಾತಿನಲ್ಲಿ ಆಕಾರ, ಓಕಾರಗಳಂಥ ಸ್ವರಾಕ್ಷರಗಳು ತಗ್ಗಿನ ಆವರ್ತನದವು, ಗಟ್ಟಿಯಾದವು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಎತ್ತರದ ಆವರ್ತನಗಳಲ್ಲಿ, ಅದೂ ಬಹಳ ಕ್ಷೀಣವಾಗಿ. ಹೀಗಾಗಿ ಕಾಸು, ತಾಸು, ಪಾಸು ಎಂಬ ಮೂರೂ ಮಾತುಗಳು ನಿಮಗೆ ಒಂದೇ ಆಗಿ ಕೇಳಿಸಬಹುದು. ಮಗು ಹಾಡಿದ ರಾಗ ಪೂರ್ತಿಯಾಗಿ ಬರುತ್ತದೆ, ಮಾತು ಅರ್ಧ ಬರುತ್ತದೆ. ಮೃದಂಗದ ನಡುವೆ ಪಿಟೀಲು ಮುಳುಗುವುದು ಸ್ವಲ್ಪ ಬೇರೆ ಬಗೆಯ ತೊಂದರೆ. ಆರೋಗ್ಯವಾದ ಕಿವಿಯಲ್ಲಿ ಹೊರಸಾಲಿನ ರೋಮಕೋಶಗಳು ಅಕ್ಕಪಕ್ಕದ ಆವರ್ತನಗಳನ್ನು ಬಿಡಿಸಿ ಕೊಡುತ್ತವೆ. ಅವು ಕುಂದಿದಾಗ ಒಟ್ಟಿಗೆ ನುಡಿಯುವ ಎರಡು ವಾದ್ಯಗಳನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ, ಜೋರಾದದ್ದು ಮೆಲ್ಲಗಿನದನ್ನು ನುಂಗಿಬಿಡುತ್ತದೆ. ಇದರ ಜೊತೆಗೆ ಇನ್ನೊಂದು ವಿಚಿತ್ರವೂ ಇದೆ: ಮೆಲ್ಲಗಿನ ಸದ್ದು ಕೇಳಿಸುವುದೇ ಇಲ್ಲ, ಸ್ವಲ್ಪ ಏರಿಸಿದರೆ ಕಿವಿಗೆ ಚುಚ್ಚುವಷ್ಟು ಜೋರಾಗಿ ಕೇಳಿಸುತ್ತದೆ. ಮನೆಯವರು ಗಟ್ಟಿಯಾಗಿ ಮಾತಾಡಿದಾಗ ‘ಯಾಕೆ ಹಾಗೆ ಕಿರುಚುತ್ತೀರಿ’ ಎಂದು ಹಿರಿಯರು ಸಿಡುಕುವುದು ಸುಳ್ಳು ಸಿಟ್ಟಲ್ಲ, ಅವರಿಗೆ ಅದು ನಿಜವಾಗಿಯೂ ಕಿರುಚಿದಂತೆಯೇ ಕೇಳಿಸುತ್ತದೆ.

ಇನ್ನು ಬೀರುವಿನಲ್ಲಿರುವ ಸಾಧನದ ಮಾತು. ಅದು ಕೆಟ್ಟಿಲ್ಲ, ನಿಮ್ಮ ಕಿವಿಯೂ ಅದನ್ನು ತಿರಸ್ಕರಿಸಿಲ್ಲ. ಅದನ್ನು ತಯಾರಿಸಿರುವುದು ಮಾತಿಗಾಗಿ. ಕೊಟ್ಟವರು ಅದನ್ನು ಸಂಗೀತಕ್ಕೆ ಹೊಂದಿಸಿಕೊಟ್ಟಂತೆ ಕಾಣುವುದಿಲ್ಲ. ಸಾಧನದ ಸ್ಪೀಕರಿನಿಂದ ಹೊರಬಂದ ಸದ್ದು ಸೋರಿ ಮತ್ತೆ ಅದರ ಮೈಕಿಗೆ ಹೋದರೆ ಕೀರಲು ಸದ್ದು ಹುಟ್ಟುತ್ತದೆ. ಅದನ್ನು ತಡೆಯಲು ಇಂದಿನ ಡಿಜಿಟಲ್ ಸಾಧನಗಳಲ್ಲಿ ಒಂದು ವ್ಯವಸ್ಥೆ ಇರುತ್ತದೆ: ಕದಲದೆ ನಿಂತ ಶುದ್ಧ ಸ್ವರ ಕಂಡರೆ ಅದನ್ನು ಕೀರಲೆಂದು ಭಾವಿಸಿ, ಅದಕ್ಕೆ ವಿರುದ್ಧವಾದ ಅಲೆಯನ್ನು ಬಿಟ್ಟು ಅಳಿಸಲು ನೋಡುತ್ತದೆ. ತಂಬೂರಿಯ ನಾದ, ಕೊಳಲಿನ ದೀರ್ಘ ಸ್ವರ, ಪಿಟೀಲಿನ ಕಾರ್ವೆ ಎಲ್ಲವೂ ಕದಲದೆ ನಿಲ್ಲುವಂಥವೇ. ನಿಮಗೆ ಕೇಳಿಸಿದ ಏರಿಳಿತ, ನಡುಕ, ಇಲ್ಲದ ಸ್ವರದ ಸಿಳ್ಳೆ ಇವೆಲ್ಲ ಸಾಧನವು ತಂಬೂರಿಯೊಡನೆ ಗುದ್ದಾಡಿದ್ದರ ಫಲ. ಗದ್ದಲ ತಗ್ಗಿಸುವ ಇನ್ನೊಂದು ವ್ಯವಸ್ಥೆಯಿದೆ. ಅದು ಫ್ಯಾನಿನಂತೆ ಒಂದೇ ಸಮನೆ ಬರುವ ಸದ್ದನ್ನು ಹುಡುಕಿ ಇಳಿಸುತ್ತದೆ. ಅದರ ಲೆಕ್ಕದಲ್ಲಿ ತಂಬೂರಿಯೂ ಫ್ಯಾನೇ. ಕೆಲವು ಸಾಧನಗಳು ಕೇಳಿಸದ ಎತ್ತರದ ಆವರ್ತನಗಳನ್ನು ಕೆಳಕ್ಕೆ ತಂದು ಕೂರಿಸುತ್ತವೆ. ಮಾತಿನ ಸಕಾರ ಕೇಳಲು ಅದು ನೆರವಾಗಬಹುದು, ಆದರೆ ಅನುಸ್ವರಗಳು ತಮ್ಮ ಸ್ಥಾನ ಬಿಟ್ಟು ಸರಿದಾಗ ಸಂಗೀತಗಾರರ ಕಿವಿಗೆ ಅದು ಅಪಶ್ರುತಿಯಲ್ಲದೆ ಬೇರೇನೂ ಅಲ್ಲ.

ಆದ್ದರಿಂದ ಸಾಧನ ಕೊಟ್ಟ ಆಡಿಯಾಲಜಿಸ್ಟರ (ಶ್ರವಣ ತಜ್ಞರ) ಬಳಿಗೆ ಮತ್ತೆ ಹೋಗಿ, ಮಾತಿಗೊಂದು ಮತ್ತು ಸಂಗೀತಕ್ಕೊಂದು, ಹೀಗೆ ಎರಡು ಪ್ರತ್ಯೇಕ ಪ್ರೋಗ್ರಾಂಗಳನ್ನು ಮಾಡಿಕೊಡಲು ಕೇಳಿ. ಸಂಗೀತದ ಪ್ರೋಗ್ರಾಂನಲ್ಲಿ ಗದ್ದಲ ತಗ್ಗಿಸುವಿಕೆ, ಆವರ್ತನ ಇಳಿಸುವಿಕೆ, ಮುಂದಿನ ದಿಕ್ಕನ್ನು ಮಾತ್ರ ಹಿಡಿಯುವ ಮೈಕಿನ ವ್ಯವಸ್ಥೆ ಈ ಮೂರೂ ಆಫ್ ಆಗಿರಲಿ. ಕೀರಲು ತಡೆಯುವ ವ್ಯವಸ್ಥೆಯನ್ನು ಸಾಧ್ಯವಾದರೆ ಆಫ್ ಮಾಡಿಸಿ, ಇಲ್ಲವಾದರೆ ಅತಿ ನಿಧಾನಕ್ಕೆ ಇಡಿಸಿ. ಮೆಲ್ಲಗಿನ ಸದ್ದನ್ನು ಏರಿಸಿ ಜೋರಾದ ಸದ್ದನ್ನು ಅದುಮುವ ಕೆಲಸವೂ ಮಾತಿನ ಪ್ರೋಗ್ರಾಂನಲ್ಲಿರುವುದಕ್ಕಿಂತ ಮೃದುವಾಗಿರಲಿ. ಅದು ಅತಿಯಾದರೆ ನೀವು ಮೆಲ್ಲಗೆ ಎತ್ತಿ ಬೆಳೆಸುವ ಸ್ವರವೂ ಗಟ್ಟಿಯಾಗಿ ಮುಗಿಸುವ ಸ್ವರವೂ ಒಂದೇ ಮಟ್ಟದಲ್ಲಿ ಕೇಳಿಸುತ್ತವೆ. ಹೋಗುವಾಗ ನಿಮ್ಮ ತಂಬೂರಿಯನ್ನೇ ಜೊತೆಗೆ ಒಯ್ಯಿರಿ. ಫೋನಿನ ತಂಬೂರಿ ಆ್ಯಪ್ ಸಾಲದು, ಏಕೆಂದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಷಡ್ಜದ ಮೂಲ ನಾದ ಬರುವುದೇ ಇಲ್ಲ. ಅಲ್ಲಿಯೇ ಮೀಟಿ, ಅಲ್ಲಿಯೇ ಹಾಡಿ, ಸರಿಯಾಗುವವರೆಗೆ ಬದಲಾಯಿಸಲು ಹೇಳಿ. ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ, ಹೊಂದಿಸಿಕೊಡುವುದು ನಮ್ಮ ಕೆಲಸವೇ.

ಎರಡು ವಿಷಯಗಳನ್ನು ವಿಶೇಷವಾಗಿ ವಿಚಾರಿಸಿ. ಸಾಮಾನ್ಯ ಸಂಭಾಷಣೆ 60 ರಿಂದ 65 ಡೆಸಿಬಲ್‌ಗಳಷ್ಟಿದ್ದರೆ, ವೇದಿಕೆಯ ಮೇಲೆ ಹತ್ತಿರದ ಮೃದಂಗದ ಹೊಡೆತ, ತಾರಸ್ಥಾಯಿಯ ನಿಮ್ಮದೇ ದನಿ ಕ್ಷಣಮಾತ್ರವಾದರೂ 100 ದಾಟಬಹುದು. ಎಲ್ಲ ಸಾಧನಗಳ ಮೈಕಿನ ಭಾಗ ಇಷ್ಟನ್ನು ತಾಳುವುದಿಲ್ಲ. ಒಳಹೋಗುವಾಗಲೇ ಒಡೆದ ನಾದವನ್ನು ಆಮೇಲೆ ವಾಲ್ಯೂಮ್ ಇಳಿಸಿ ಸರಿಪಡಿಸಲಾಗದು. ಆದ್ದರಿಂದ ನಿಮ್ಮ ಸಾಧನ ಎಷ್ಟು ಜೋರಿನ ಸದ್ದನ್ನು ಒಡೆಯದೆ ಒಳಗೆ ತೆಗೆದುಕೊಳ್ಳುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಎರಡನೆಯದು ಕಿವಿಯೊಳಗೆ ಕೂರುವ ತುದಿಯ ಬಗ್ಗೆ. ಅದು ಕಿವಿಯನ್ನು ಪೂರ್ತಿ ಮುಚ್ಚಿದರೆ ಸ್ವಂತ ದನಿ ಕೊಡದೊಳಗೆ ಹಾಡಿದಂತೆ ಗುಂಯ್‌ಗುಡುತ್ತದೆ. ತಗ್ಗಿನ ಆವರ್ತನಗಳಲ್ಲಿ ನಿಮ್ಮ ಶ್ರವಣ ಚೆನ್ನಾಗಿದ್ದರೆ ತೆರೆದ ತುದಿ ಸಾಕು. ಆಗ ತಂಬೂರಿಯ ಮಂದ್ರ ಸಹಜವಾಗಿಯೇ ಕಿವಿಗೆ ಬರುತ್ತದೆ, ಸಾಧನ ಮೇಲಿನದನ್ನು ಮಾತ್ರ ತುಂಬಿಕೊಡುತ್ತದೆ. ಮೊದಲ ಕೆಲವು ವಾರ ಅದನ್ನು ಮನೆಮಾತಿಗೆ, ಆಮೇಲೆ ಒಬ್ಬೊಬ್ಬರೇ ಶಿಷ್ಯರ ಪಾಠಕ್ಕೆ ಹಾಕಿಕೊಳ್ಳಿ. ಬಹುಕಾಲ ಕೇಳಿಸದೆ ಇದ್ದ ಸದ್ದುಗಳು ಮತ್ತೆ ಬಂದಾಗ ಮೊದಲು ಒರಟಾಗಿ ಕೇಳಿಸುತ್ತವೆ, ಮೆದುಳು ಅವಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು. ಮೊದಲ ದಿನವೇ ಕಚೇರಿಗೆ ಹಾಕಿಕೊಂಡು ಹೋದವರು ಬೇಸತ್ತು ಅದನ್ನು ಕಿತ್ತಿಡುವುದೇ ಹೆಚ್ಚು.

ಕಚೇರಿ ನಿಲ್ಲಿಸಬೇಕೇ ಎಂಬುದನ್ನು ಭಯದಿಂದ ತೀರ್ಮಾನಿಸಬೇಡಿ, ಪರೀಕ್ಷಿಸಿ ತೀರ್ಮಾನಿಸಿ. ಶ್ರುತಿ ಸರಿಯಾಗಿ ಸೇರಿಸಿದ ತಂಬೂರಿಯೊಂದಿಗೆ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಗಮಕವಿಲ್ಲದೆ ಒಂದೊಂದು ಸ್ವರವನ್ನೂ ನಿಲ್ಲಿಸಿ ಹಾಡಿ, ಫೋನಿನಲ್ಲಿ ಧ್ವನಿಮುದ್ರಿಸಿ, ನೀವು ನಂಬುವ ಒಬ್ಬ ಸಹಕಲಾವಿದರಿಗೆ ಕೇಳಿಸಿ. ಅವರು ಸ್ವರ ಸ್ಥಾನದಲ್ಲಿದೆ ಎಂದರೆ ಕಚೇರಿ ಬಿಡಲು ಕಿವಿಯ ಕಾರಣ ಇಲ್ಲ. ವೇದಿಕೆಯಲ್ಲಿ ಪಿಟೀಲಿನವರು ನಿಮ್ಮ ಎಡಕ್ಕೂ ಮೃದಂಗದವರು ಬಲಕ್ಕೂ ಕೂರುತ್ತಾರೆ. ಮೃದಂಗದ ಬಲಭಾಗ ಸಭಿಕರ ಕಡೆಗಿರಬೇಕಾದ್ದರಿಂದ ಈ ಜಾಗ ಅದಲುಬದಲು ಮಾಡುವುದು ಸುಲಭವಲ್ಲ. ನಿಮ್ಮ ಎಡಗಿವಿ ಹೆಚ್ಚು ಮಂದವಾಗಿದ್ದರೆ ಪಿಟೀಲಿನವರನ್ನು ಒಂದು ಮೊಳ ಮುಂದಕ್ಕೆ, ನಿಮಗೆ ಅವರ ಕೈ ಮತ್ತು ಕಮಾನು ಕಾಣುವಂತೆ ಕೂರಿಸಿ. ನಿಮ್ಮ ಎದುರಿನ ಮಾನಿಟರ್ ಸ್ಪೀಕರಿನಲ್ಲಿ ಮೃದಂಗವನ್ನು ತೆಗೆಸಿ ಪಿಟೀಲು ಮತ್ತು ತಂಬೂರಿಯನ್ನಷ್ಟೇ ಬಿಡಿಸಿ. ನಮ್ಮ ಸಭೆಗಳಲ್ಲಿ ಮೈಕಿನವರಿಗೆ ಕಲಾವಿದರೆಲ್ಲ ‘ಇನ್ನೂ ಸ್ವಲ್ಪ ಜಾಸ್ತಿ’ ಎಂದೇ ಹೇಳುತ್ತಾರೆ. ಕಿವಿ ಮಂದವಾದವರಿಗೆ ಒಟ್ಟು ಸದ್ದು ಕಡಿಮೆಯಿದ್ದಷ್ಟೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಮತ್ತೊಂದು ಮಾತು: ತಂಬೂರಿಯನ್ನು ಆದಷ್ಟೂ ನೀವೇ ಹಿಡಿದು ಹಾಡಿ. ಚರ್ಮಕ್ಕೆ ಕಂಪನ ಅತ್ಯಂತ ಚೆನ್ನಾಗಿ ತಿಳಿಯುವುದು 250 ಹರ್ಟ್ಸ್‌ನ ಆಸುಪಾಸಿನಲ್ಲಿ. ನಿಮ್ಮ ತಂಬೂರಿಯ ನಡುವಿನ ಎರಡು ತಂತಿಗಳಾದ ಸಾರಣಿ, ಅನುಸಾರಣಿಗಳು 208ರಲ್ಲಿವೆ, ಮಂದ್ರ 104ರಲ್ಲಿದೆ. ತಂಬೂರಿಯ ಬುರುಡೆ ತೊಡೆಗೆ ತಾಗಿ ಕುಳಿತಾಗ ಆ ಕಂಪನ ಕಿವಿಯ ನೆರವಿಲ್ಲದೆಯೂ ನಿಮ್ಮನ್ನು ಮುಟ್ಟುತ್ತದೆ.

ನೀವು ಮೈಸೂರಿನವರೇ ಆದ್ದರಿಂದ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪೂರ್ಣ ಪರೀಕ್ಷೆ ಮಾಡಿಸಿಕೊಳ್ಳಬಹುದು. 1965ರಲ್ಲಿ ಆರಂಭವಾದ ಈ ಕೇಂದ್ರ ಸರ್ಕಾರಿ ಸಂಸ್ಥೆಗೆ ದೇಶದ ನಾನಾ ಭಾಗಗಳಿಂದ ಜನ ಬರುತ್ತಾರೆ. ಸಾಮಾನ್ಯ ಶ್ರವಣ ಪರೀಕ್ಷೆ (ಅದರ ನಕ್ಷೆಗೆ ಆಡಿಯೋಗ್ರಾಂ ಎನ್ನುತ್ತಾರೆ) 250 ರಿಂದ 8000 ಹರ್ಟ್ಸ್‌ಗಳವರೆಗೆ ಅಳೆಯುತ್ತದೆ. ನೀವು ಸಂಗೀತಗಾರರೆಂದು ಮೊದಲೇ ತಿಳಿಸಿದರೆ ನಡುವಿನ 3000 ಮತ್ತು 6000 ಹರ್ಟ್ಸ್‌ಗಳನ್ನೂ ಬಿಡದೆ ನೋಡುತ್ತಾರೆ. ಆ ಕಾಗದದ ಒಂದು ಪ್ರತಿಯನ್ನು ಜೋಪಾನವಾಗಿಡಿ, ಮುಂದಿನ ವರ್ಷದ ಪರೀಕ್ಷೆಯೊಂದಿಗೆ ಹೋಲಿಸಿ ನೋಡಲು ಬೇಕಾಗುತ್ತದೆ.

ಪ್ರಶ್ನೆ: ತೆಂಕುತಿಟ್ಟಿನ ಯಕ್ಷಗಾನದಲ್ಲಿ ಭಾಗವತಿಕೆ ಮಾಡುತ್ತೇನೆ, 61 ವರ್ಷ. ಮೊದಲು ಆಟ ಮುಗಿದ ಮೇಲೆ ಬೆಳಗಿನವರೆಗೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಮಧ್ಯಾಹ್ನಕ್ಕೆ ನಿಲ್ಲುತ್ತಿತ್ತು. ಈಗ ಅದು ನಿಲ್ಲುವುದೇ ಇಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. ಚೆಂಡೆಯ ಕಡೆಯ ಕಿವಿಯಲ್ಲಿ ಹೆಚ್ಚು. ಹತ್ತಿ ಇಟ್ಟುಕೊಂಡರೆ ಪದ ಹೇಳುವುದಕ್ಕೇ ಆಗುವುದಿಲ್ಲ. ಇದಕ್ಕೆ ಮಾತ್ರೆ ಇದೆಯೇ?
ಭಾಗವತರು, ದಕ್ಷಿಣ ಕನ್ನಡ

ಉತ್ತರ: ಆಟದ ಮರುದಿನ ಮಧ್ಯಾಹ್ನದವರೆಗೆ ಇರುತ್ತಿದ್ದ ಗುಂಯ್ ಸದ್ದು ಕಿವಿಗೆ ಪೆಟ್ಟು ಬಿದ್ದದ್ದರ ಮೊದಲ ಸೂಚನೆಯಾಗಿತ್ತು. ಸದ್ದಿನ ಅಪಾಯವನ್ನು ಅಳೆಯಲು ಔದ್ಯೋಗಿಕ ಆರೋಗ್ಯ ತಜ್ಞರು ಬಳಸುವ ಒಂದು ಲೆಕ್ಕವಿದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಚೆಂಡೆ ಪಕ್ಕದಲ್ಲೇ, ಮದ್ದಳೆ ಇನ್ನೊಂದು ಬದಿಯಲ್ಲಿ, ಜಾಗಟೆ ನಿಮ್ಮದೇ ಕೈಯಲ್ಲಿ, ಇವುಗಳ ಮೇಲೆ ಧ್ವನಿವರ್ಧಕ. ಯುದ್ಧದ ಪ್ರಸಂಗವಿರುವ ರಾತ್ರಿ ನೀವು ಆ ಮಿತಿಯನ್ನು ಎಷ್ಟು ಬೇಗ ದಾಟುತ್ತೀರಿ ಎಂದು ಯೋಚಿಸಿ ನೋಡಿ. ಕಾಲಮಿತಿಯ ಪ್ರಯೋಗಗಳಿಂದ ಅವಧಿ ಕಡಿಮೆಯಾಗಿರುವುದು ಕಿವಿಯ ಮಟ್ಟಿಗೆ ನಿಜವಾದ ಲಾಭ, ಆದರೆ ಒಂದೇ ದಿನ ಎರಡೆರಡು ಕಡೆ ಒಪ್ಪಿಕೊಂಡರೆ ಆ ಲಾಭ ಉಳಿಯುವುದಿಲ್ಲ.

ಹತ್ತಿ ಬೇಡ. ಹತ್ತಿಯೂ ಅಂಗಡಿಯ ಸಾಧಾರಣ ಇಯರ್‌ಪ್ಲಗ್ಗೂ ಎತ್ತರದ ಆವರ್ತನಗಳನ್ನೇ ಹೆಚ್ಚಾಗಿ ತಡೆಯುತ್ತವೆ, ಅದರಿಂದ ಮಾತು ಮಸುಕಾಗುತ್ತದೆ. ಸಂಗೀತಗಾರರಿಗೆಂದೇ 1980ರ ದಶಕದ ಕೊನೆಯಿಂದ ಬೇರೆ ಬಗೆಯ ಪ್ಲಗ್ ಸಿಗುತ್ತಿದೆ. ಅದರೊಳಗಿನ ಸೋಸಕವು ತಗ್ಗು, ನಡು, ಎತ್ತರ ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. 9, 15, 25 ಡೆಸಿಬಲ್‌ಗಳ ಸೋಸಕಗಳು ಬರುತ್ತವೆ. 15ರದ್ದನ್ನು ಹಾಕಿಕೊಂಡರೆ ಕಿವಿಗೆ ತಾಗುವ ಶಕ್ತಿ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಚೆಂಡೆಯ ನುಡಿ ಮಾತ್ರ ಚೆಂಡೆಯ ನುಡಿಯಾಗಿಯೇ ಉಳಿಯುತ್ತದೆ. ಕಿವಿಯ ಅಚ್ಚು ತೆಗೆಸಿ ಮಾಡಿಸಿದ್ದು ಸಿದ್ಧ ಪ್ಲಗ್ಗಿಗಿಂತ ದುಬಾರಿಯಾದರೂ ಹಾಡುವವರಿಗೆ ಅದೇ ಮೇಲು, ಏಕೆಂದರೆ ಆಳಕ್ಕೆ ಕೂರುವುದರಿಂದ ಸ್ವಂತ ದನಿಯ ಮೊರೆತ ಕಡಿಮೆ. ಮೊದಲಿಗೆ ಚೆಂಡೆಯ ಕಡೆಯ ಕಿವಿಗೆ ಮಾತ್ರ ಹಾಕಿಕೊಂಡು ಅಭ್ಯಾಸ ಮಾಡಿ. ಚೆಂಡೆಯವರು ಒಂದಿಷ್ಟು ಹಿಂದಕ್ಕೆ ಸರಿಯಲು ರಂಗಸ್ಥಳದಲ್ಲಿ ಜಾಗವಿದ್ದರೆ ಅದನ್ನೂ ಕೇಳಿಕೊಳ್ಳಿ. ಅವರ ಕಿವಿಯೂ ನಿಮ್ಮದರಷ್ಟೇ ಅಪಾಯದಲ್ಲಿದೆ, ಅವರಿಗೂ ಪ್ಲಗ್ ಬೇಕು.

ಗುಂಯ್ ಸದ್ದನ್ನು ಅಳಿಸಿಬಿಡುವ ಮಾತ್ರೆ ಇಲ್ಲ. ಹಾಗೆ ಹೇಳಿ ಮಾರುವ ತೈಲ, ಹನಿ, ಪುಡಿಗಳಿಗೆ ಹಣ ಕಳೆಯಬೇಡಿ. ಒಳಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳು ತನ್ನ ಕಡೆಯಿಂದ ಮಟ್ಟ ಏರಿಸಿಕೊಳ್ಳುವುದರಿಂದ ಈ ಸದ್ದು ಹುಟ್ಟುತ್ತದೆಂದು ಈಗ ತಿಳಿಯಲಾಗಿದೆ. ಶ್ರವಣ ದೋಷವೂ ಇದ್ದರೆ ಸರಿಯಾದ ಶ್ರವಣ ಸಾಧನದಿಂದಲೇ ಅನೇಕರಿಗೆ ಹಗಲಿನಲ್ಲಿ ಆರಾಮವಾಗುತ್ತದೆ. ರಾತ್ರಿ ಪೂರ್ಣ ನಿಶ್ಶಬ್ದ ಬೇಡ. ಫ್ಯಾನಿನ ಸದ್ದೋ, ಮೆಲ್ಲಗೆ ಇಟ್ಟ ಶ್ರುತಿಪೆಟ್ಟಿಗೆಯೋ ಇರಲಿ. ನಿದ್ದೆಗೆಡುವಷ್ಟು ಕಾಡುತ್ತಿರುವುದರಿಂದ ಆಪ್ತ ಸಮಾಲೋಚಕರ ಬಳಿ ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ ಎಂಬ, ಮಾತಿನ ಮೂಲಕ ಕೊಡುವ ಚಿಕಿತ್ಸೆ) ಪಡೆಯುವುದು ಒಳ್ಳೆಯದು. ಸದ್ದು ಇದ್ದರೂ ಅದರಿಂದಾಗುವ ಸಂಕಟ ಕಡಿಮೆಯಾಗಲು ಹೆಚ್ಚಿನ ಆಧಾರ ಇರುವುದು ಈ ಚಿಕಿತ್ಸೆಗೇ. ಇನ್ನು ಪರೀಕ್ಷೆಯ ಸಮಯ: ಆಟದ ಮರುದಿನ ಹೋದರೆ ತಾತ್ಕಾಲಿಕವಾಗಿ ದಣಿದ ಕಿವಿಯ ಲೆಕ್ಕ ಬರುತ್ತದೆ. ತಿರುಗಾಟದ ನಡುವೆ ಹೋಗುವುದಾದರೆ ಒಂದು ಇಡೀ ದಿನ ಗದ್ದಲದಿಂದ ದೂರವಿದ್ದು ಹೋಗಿ. ಮೇಳದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಿಸಿ. ಎರಡನ್ನೂ ಹೋಲಿಸಿದರೆ ಎಷ್ಟು ಭಾಗ ಚೇತರಿಸಿಕೊಳ್ಳುತ್ತಿದೆ, ಎಷ್ಟು ಶಾಶ್ವತವಾಗಿ ಹೋಗಿದೆ ಎಂಬುದು ತಿಳಿಯುತ್ತದೆ. ಆದರೆ ಮೊದಲ ಪರೀಕ್ಷೆಯನ್ನು ಪತ್ತನಾಜೆಯವರೆಗೆ ಮುಂದೂಡಬೇಡಿ, ಒಂದೇ ಕಡೆ ಹೆಚ್ಚಾಗಿರುವ ಮೊರೆತವನ್ನು ಇಎನ್‌ಟಿ ವೈದ್ಯರು ಬೇಗ ನೋಡಬೇಕು.

ಪ್ರಶ್ನೆ: ಪಿಟೀಲು ವಾದಕ, 72 ವರ್ಷ. ಈಚೆಗೆ ಒಂದೇ ಷಡ್ಜ ಬಲಗಿವಿಯಲ್ಲಿ ಸರಿಯಾಗಿಯೂ ಎಡಗಿವಿಯಲ್ಲಿ ತುಸು ಏರಿದಂತೆಯೂ ಕೇಳಿಸುತ್ತಿದೆ. ಯಾರಿಗೂ ಹೇಳಿಲ್ಲ. ಮನಸ್ಸಿನ ಭ್ರಮೆಯೇ?
ವಾದಕ, ಬೆಂಗಳೂರು

ಉತ್ತರ: ಭ್ರಮೆಯಲ್ಲ. ಇದಕ್ಕೆ ಡಿಪ್ಲಕ್ಯೂಸಿಸ್ ಎಂದು ಹೆಸರು. ಎರಡು ಕಾಕ್ಲಿಯಾಗಳಿಗೆ ಆದ ಹಾನಿ ಸಮನಾಗಿಲ್ಲದಾಗ ಒಂದೇ ಸ್ವರ ಎರಡು ಕಿವಿಗಳಲ್ಲಿ ಎರಡು ಸ್ಥಾನಗಳಲ್ಲಿ ಕೇಳಿಸಬಹುದು. ಸಂಗೀತ ಗೊತ್ತಿಲ್ಲದವರು ಇದನ್ನು ಗಮನಿಸದೆಯೇ ಇರುವುದುಂಟು, ನಿಮ್ಮಂಥವರಿಗೆ ಅದು ಹಿಂಸೆ. ಫ್ರಾನ್ಸಿನ ವಾಗ್ಗೇಯಕಾರ ಗೇಬ್ರಿಯಲ್ ಫೋರೆ ಅವರಿಗೆ ಇಪ್ಪತ್ತನೆಯ ಶತಮಾನದ ಆರಂಭದಿಂದ ಶ್ರವಣ ಕುಂದುತ್ತಾ ಬಂದು, ತಗ್ಗಿನ ಸ್ವರಗಳು ಇರಬೇಕಾದ್ದಕ್ಕಿಂತ ಮೇಲೆಯೂ ಎತ್ತರದ ಸ್ವರಗಳು ಕೆಳಗೂ ಕೇಳಿಸುತ್ತಿದ್ದವು. ಆ ಸ್ಥಿತಿಯಲ್ಲೇ ಅವರು 1905 ರಿಂದ 1920ರವರೆಗೆ ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದ ಮುಖ್ಯಸ್ಥರಾಗಿದ್ದರು, 1924ರಲ್ಲಿ ತೀರಿಕೊಳ್ಳುವ ಕೆಲವೇ ತಿಂಗಳ ಹಿಂದಿನವರೆಗೂ ರಚನೆ ಮಾಡುತ್ತಿದ್ದರು. ಅವರೂ ಈ ವಿಷಯವನ್ನು ಸಾಧ್ಯವಾದಷ್ಟು ಕಾಲ ಮುಚ್ಚಿಟ್ಟಿದ್ದರು.

ನೀವು ಮುಚ್ಚಿಡಬೇಡಿ. ಇದು ಒಂದೆರಡು ದಿನಗಳಲ್ಲಿ ಥಟ್ಟನೆ ಶುರುವಾಗಿದ್ದರೆ, ಅಥವಾ ಎಡಗಿವಿಯಲ್ಲಿ ಕೇಳಿಸುವುದೇ ಕಡಿಮೆಯಾಗಿದ್ದರೆ, ಈ ಪತ್ರಿಕೆಯನ್ನು ಕೆಳಗಿಟ್ಟು ಇಂದೇ ಇಎನ್‌ಟಿ ವೈದ್ಯರನ್ನು ಕಾಣಿರಿ. ಮೂರು ದಿನಗಳೊಳಗೆ ಹಠಾತ್ತಾಗಿ ಬರುವ ಶ್ರವಣ ನಷ್ಟ ತುರ್ತು ಸ್ಥಿತಿ. ಅದಕ್ಕೆ ಕೊಡುವ ಸ್ಟೆರಾಯ್ಡ್ ಚಿಕಿತ್ಸೆಯಿಂದ ಲಾಭವಾಗುವ ಸಾಧ್ಯತೆ ಹೆಚ್ಚಿರುವುದು ಮೊದಲ ಎರಡು ವಾರಗಳಲ್ಲಿ. ಶೀತ ಇರಬೇಕೆಂದು ಕಾಯುತ್ತಾ ಆ ದಿನಗಳನ್ನು ಕಳೆದುಕೊಂಡವರನ್ನು ಕಂಡಾಗ ನನಗೆ ಬಹಳ ದುಃಖವಾಗುತ್ತದೆ. ನಿಧಾನವಾಗಿ ಬಂದಿದ್ದರೂ ಒಂದೇ ಕಿವಿಯ ತೊಂದರೆಯಾದ್ದರಿಂದ ಶ್ರವಣದ ನರದಲ್ಲಿ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಬರೆದುಕೊಡಬಹುದು. ಅಂಥ ಗಡ್ಡೆ ಅಪರೂಪ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ್ದು. ಹೆದರಬೇಕಿಲ್ಲ, ಆದರೆ ನೋಡದೆ ಬಿಡಬಾರದು. ನಮ್ಮ ಪದ್ಧತಿಯಲ್ಲಿ ಕೆಳಗೆ ಕುಳಿತು ಬಲಗಾಲಿನ ಮೇಲೆ ವಾದ್ಯದ ತುದಿಯ ಸುರುಳಿಯಿಟ್ಟು ಪಿಟೀಲು ನುಡಿಸಿದರೂ ವಾದ್ಯಕ್ಕೆ ಹತ್ತಿರವಿರುವುದು ಎಡಗಿವಿಯೇ. ಪರೀಕ್ಷೆಯ ಫಲ ಬರುವವರೆಗೆ ಮನೆಯ ಸಾಧಕದಲ್ಲಿ ಆ ಕಿವಿಗೆ ಪ್ಲಗ್ ಹಾಕಿ, ಬಲಗಿವಿಯನ್ನೇ ನಂಬಿ ನುಡಿಸಿ. ತಂತಿ ಶ್ರುತಿ ಮಾಡುವಾಗ ಟ್ಯೂನರಿನ ಮುಳ್ಳನ್ನೂ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಗುರುಗಳು 80 ದಾಟಿದ ಮೃದಂಗ ವಿದ್ವಾಂಸರು. ಪಾಠದಲ್ಲಿ ನಾವು ಕೇಳಿದ್ದೊಂದು, ಅವರು ಹೇಳುವುದೊಂದು ಆಗುತ್ತಿದೆ. ‘ನೀವೇ ಮೆಲ್ಲಗೆ ಮಾತಾಡುತ್ತೀರಿ’ ಎಂದು ಬೇಸರಪಟ್ಟುಕೊಳ್ಳುತ್ತಾರೆ. ಮನೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುತ್ತಿದ್ದಾರೆ. ಅವರ ಮನಸ್ಸು ನೋಯದಂತೆ ಪರೀಕ್ಷೆಗೆ ಕರೆದೊಯ್ಯುವುದು ಹೇಗೆ?
ಶಿಷ್ಯ, ತುಮಕೂರು

ಉತ್ತರ: ಎಣ್ಣೆ ಬಿಡುವುದನ್ನು ಇಂದೇ ನಿಲ್ಲಿಸಿ. ಕಿವಿಯ ತಮಟೆಯಲ್ಲಿ ತೂತಿದ್ದರೆ ಅದು ನಡುಗಿವಿಗೆ ಇಳಿದು ಸೋಂಕಾಗುತ್ತದೆ, ಬಿಸಿ ಹೆಚ್ಚಾದರೆ ಸುಡುತ್ತದೆ, ಒಳಕಿವಿಯ ನಷ್ಟಕ್ಕೆ ಅದರಿಂದ ಏನೂ ಆಗುವುದಿಲ್ಲ. ಮೊದಲ ಭೇಟಿಯನ್ನು ಕಿವಿಯ ಗುಗ್ಗೆ ನೋಡಿಸುವ ನೆಪದಲ್ಲೇ ಮಾಡಿಸಬಹುದು. ಅದು ಪೂರ್ತಿ ನೆಪವೂ ಅಲ್ಲ. ಗುಗ್ಗೆ ಗಟ್ಟಿಯಾಗಿ ಕೂತು ಕೇಳಿಸದಿರುವ ಹಿರಿಯರು ಬಹಳ ಮಂದಿ, ಅದನ್ನು ತೆಗೆದ ಕೂಡಲೇ ಸಾಕಷ್ಟು ಸರಿಹೋಗುವುದುಂಟು. ಅವರು ತೆಗೆದುಕೊಳ್ಳುವ ಔಷಧಿಗಳ ಚೀಟಿಯನ್ನೂ ಒಯ್ಯಿರಿ. ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು, ಕೆಲವು ಆಂಟಿಬಯಾಟಿಕ್ ಚುಚ್ಚುಮದ್ದುಗಳು ಕಿವಿಗೆ ತೊಂದರೆ ಮಾಡಬಲ್ಲವು. ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಪಾಠದಲ್ಲಿ ಕೂಗಬೇಡಿ. ಎದುರಿಗೆ ಬೆಳಕಿನಲ್ಲಿ ಕುಳಿತು, ಅವರು ನಿಮ್ಮ ಮುಖ ನೋಡುತ್ತಿರುವಾಗ, ಸ್ವಲ್ಪ ನಿಧಾನವಾಗಿ ಕೇಳಿ. ಅವರಿಗೆ ಒಂದು ಮಾತು ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳದೆ ಬೇರೆ ಮಾತಿನಲ್ಲಿ ಹೇಳಿ. ಫ್ಯಾನು, ಟೀವಿ ನಿಲ್ಲಿಸಿ, ಒಬ್ಬರು ನುಡಿಸುವಾಗ ಉಳಿದವರು ಕೈಯಲ್ಲಿ ತಾಳ ಹಾಕುತ್ತಾ ಸುಮ್ಮನಿರಿ. ಸೊಲ್ಲುಗಳನ್ನು ಬಾಯಲ್ಲಿ ಹೇಳಿ ಸಂದೇಹ ಕೇಳುವ ಬದಲು ನುಡಿಸಿ ತೋರಿಸಿ ಕೇಳಿ. ಕೈ ಎಲ್ಲಿ ಬಿತ್ತೆಂದು ಅವರ ಕಣ್ಣಿಗೆ ತಿಳಿಯುತ್ತದೆ. ಅವರ ಬಳಿ ಮಾತಾಡುವಾಗ ‘ನಿಮಗೆ ಕಿವಿ ಕೇಳಿಸುವುದಿಲ್ಲ’ ಎಂದು ಶುರುಮಾಡಬೇಡಿ. ‘ನೀವು ತಿದ್ದುವುದು ನಮಗೆ ಪೂರ್ತಿ ಸಿಗುತ್ತಿಲ್ಲ, ನಮಗಾಗಿ ಒಮ್ಮೆ ಬನ್ನಿ’ ಎಂದು ಕೇಳಿಕೊಳ್ಳಿ. ಅದು ನಿಜವೂ ಹೌದು. ಹಣದ ತೊಂದರೆಯಿದ್ದರೆ, ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ 2017ರಿಂದ ನಡೆಯುತ್ತಿರುವ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಸಾಧನವೂ ಸೇರಿದೆ. ಶ್ರವಣ ದೋಷದ ಪ್ರಮಾಣ 40 ಶೇಕಡಾ ಅಥವಾ ಹೆಚ್ಚಿದ್ದರೆ ಅಂಗವಿಕಲರ ಪ್ರಮಾಣಪತ್ರದ ಮೂಲಕ, ಅಂಗವಿಕಲರಿಗೆ ನೆರವಿನ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲೂ ಕೇಳಬಹುದು. ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ, ಹೋಗುವಾಗ ಆಧಾರ್ ಕಾರ್ಡನ್ನೂ ಪಡಿತರ ಚೀಟಿಯನ್ನೂ ಜೊತೆಯಲ್ಲಿಟ್ಟುಕೊಳ್ಳಿ.